ಇಪ್ಪತ್ನಾಲ್ಕು ಕ್ಯಾರೆಟ್ ಅನಾಥರು

ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಒಂದು ಮಕ್ಕಳ ಮನೆಯಲ್ಲಿ ವರ್ಷವಿಡೀ ಹುಟ್ಟುಹಬ್ಬ. ಒಂದೂ ಅಲ್ಲಿರುವ ಮಕ್ಕಳದ್ದಲ್ಲ. ಬೆಂಗಳೂರಿನ ಯಾರದೋ ಮಗನಿಗೆ ಐದು ತುಂಬಿದರೆ, ಯಾರದೋ ಮಾವನಿಗೆ ಎಪ್ಪತ್ತಾದರೆ, ಯಾವುದೋ ಕಂಪನಿ ಹತ್ತು ವರ್ಷ ಮುಳುಗದೆ ಉಳಿದರೆ ಇಲ್ಲಿ ಕೇಕ್ ಬೀಳುತ್ತದೆ. ಆಫೀಸಿನ ಗೋಡೆಯ ಕ್ಯಾಲೆಂಡರಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೆಂಪು ಇಂಕು, ರಾತ್ರಿಯ ಊಟಕ್ಕೆ ನೀಲಿ. ಡಿಸೆಂಬರ್ ಹಾಳೆಯಲ್ಲಿ ತಾರೀಕೇ ಕಾಣುವುದಿಲ್ಲ. ಕ್ರಿಸ್‌ಮಸ್ ಹತ್ತಿರವಾದಂತೆ ಒಂದೇ ಮಧ್ಯಾಹ್ನಕ್ಕೆ ಮೂರು ಕಡೆಯಿಂದ ಬಿರಿಯಾನಿ ಬಂದು, ಮೂರು ಗುಂಪಿನವರಿಗೂ ಬೇಸರವಾಗದಂತೆ ಮಕ್ಕಳು ಮೂರು ಸಲ ಹಸಿದುಕೊಳ್ಳಬೇಕಾಗುತ್ತದೆ.

ಜೂನ್ ಮಾತ್ರ ಬೆಳ್ಳಗಿದೆ. ಶಾಲೆ ಶುರುವಾಗುವ, ಬೂಟು ಚಿಕ್ಕದಾಗುವ, ಬೇಳೆಯನ್ನು ಅಂಗಡಿಯವನ ಲೆಕ್ಕದ ಪುಸ್ತಕದಲ್ಲಿ ಬರೆಸಿ ತರುವ ತಿಂಗಳು ಅದು. ಜೂನ್ 1ಕ್ಕೆ ಹುಟ್ಟಿದವರಿಗೇನು ನಮ್ಮಲ್ಲಿ ಬರವಿಲ್ಲ; ಶಾಲೆಗೆ ಸೇರಿಸಿಕೊಳ್ಳುವಾಗ ಹಳೆಯ ಮೇಷ್ಟ್ರುಗಳು ಅರ್ಧ ಕರ್ನಾಟಕವನ್ನು ಆ ದಿನವೇ ಹುಟ್ಟಿಸಿಬಿಟ್ಟಿದ್ದಾರೆ. ಆದರೆ ಅವರು ಯಾರೂ ಕೇಕ್ ಕತ್ತರಿಸುವ ಪೈಕಿಯವರಲ್ಲ.

ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಈ ಮನೆಯನ್ನು ಪತ್ತೆ ಹಚ್ಚಿಕೊಟ್ಟವರು ಯಾರೋ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಪ್ರಯಾಣದ ವಿವರ ಮಾತ್ರ ಅಮೋಘವಾಗಿತ್ತು. ಬೆಳಿಗ್ಗೆ ಕಮ್ಮಸಂದ್ರದ ಕೋಟಿಲಿಂಗೇಶ್ವರ, ಹನ್ನೆರಡಕ್ಕೆ ಅನಾಥಾಶ್ರಮ, ಒಂದೂವರೆಗೆ ಸೈನೈಡ್ ದಿಬ್ಬ, ಸಂಜೆ ಬಂಗಾರಪೇಟೆಯಲ್ಲಿ ಪಾನಿಪುರಿ. ದೇವರು, ದೀನರು, ಸಿನಿಮಾ, ಚಾಟ್ಸ್. ಒಂದೇ ಡೀಸೆಲ್ ಖರ್ಚಿನಲ್ಲಿ ನಾಲ್ಕೂ ದರ್ಶನ. ಕೆಳಗೆ ಸೂಚನೆ: ಟೋಪಿ, ನೀರಿನ ಬಾಟಲಿ, ಮನೆಯಲ್ಲಿ ಬೇಡವಾದ ಬಟ್ಟೆ ತನ್ನಿ. ಅನಾಥಾಶ್ರಮಕ್ಕೆ ಅಷ್ಟು ಹೊತ್ತು ಸಾಕೇ ಎಂದು ಯಾರೋ ಕೇಳಿದ್ದಕ್ಕೆ ಖಜಾಂಚಿಗಳು, 'ಎಮೋಷನಲ್ ಆಗೋಕೆ ಒಂದೂವರೆ ಗಂಟೆ ಧಾರಾಳ' ಎಂದು ಉತ್ತರಿಸಿದ್ದರು. ಬಸ್ಸಿನಲ್ಲಿ ಸೀಟು ಖಾಲಿಯಿತ್ತು, ನಾನೂ ಹೊರಟೆ.

ಸೈನೈಡ್ ದಿಬ್ಬವೆಂದರೆ ಅದಿರಿನಿಂದ ಚಿನ್ನ ಹಿಂಡಿಕೊಂಡ ಮೇಲೆ ಉಳಿದ ಪುಡಿಮಣ್ಣನ್ನು ನೂರಕ್ಕೂ ಹೆಚ್ಚು ವರ್ಷ ಸುರಿದು ಸುರಿದು ಎದ್ದ ಗುಡ್ಡ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಕೈಹಚ್ಚಿದ ಅಗೆತ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದು, 2001ರ ಫೆಬ್ರವರಿ 28ಕ್ಕೆ ನಿಂತಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ನೇರವಾಗಿ ಬಂದದ್ದು ಇಲ್ಲಿಗೆ; ಬೆಂಗಳೂರು ಇನ್ನೂ ಮೂರು ವರ್ಷ ಕತ್ತಲಲ್ಲಿ ಕಾಯಿತು. ಈಗ ಲೆಕ್ಕ ತಿರುಗಿದೆ. ಉತ್ತರ ಆರ್ಕಾಟ್, ಚಿತ್ತೂರು ಸೀಮೆಗಳಿಂದ ಬಂದು ಭೂಮಿಯೊಳಗೆ ಇಳಿದು ಎದೆತುಂಬ ಕಲ್ಲಿನ ಧೂಳು ಹೊತ್ತು ಸತ್ತವರ ಮರಿಮಕ್ಕಳು ಈಗ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ನಸುಕಿಗೇ ರೈಲು ಹತ್ತಿ, ಬೆಂಗಳೂರಿನ ಗೇಟು ಕಾಯಲು, ನೆಲ ಒರೆಸಲು, ಲಿಫ್ಟಿನ ಗುಂಡಿ ಒತ್ತಲು ಹೋಗುತ್ತಾರೆ. ಬಸ್ಸಿನಲ್ಲಿ ಇದನ್ನು ಹೇಳಲು ಬಾಯಿ ತೆರೆದೆ. ಕೆಜಿಎಫ್ ಸಿನಿಮಾದ ಗುಂಗಿನಲ್ಲಿದ್ದ ಹಿಂದಿನ ಸೀಟಿನ ಹುಡುಗ ಕೇಳಿದ: 'ಅಂಕಲ್, ರಾಕಿ ಭಾಯ್ ಮನೆ ಯಾವ ಕಡೆ?'

ಮಕ್ಕಳ ಮನೆ ಗಣಿ ಕಾಲೊನಿಯ ತಗಡಿನ ಸೂರುಗಳ ನಡುವೆ ಇದೆ. ಒಂದು ಶಿಲುಬೆ, ಒಂದು ಬೇವಿನ ಮರ, ಒಂದು ಬೋರ್‌ವೆಲ್. ನಡೆಸುವವರು ಒಬ್ಬ ಸಿಸ್ಟರ್. ಅವರು ಕಡಿಮೆ ಮಾತಿನವರು; ದಾನಿಗಳ ಜೊತೆ ಬದುಕುವವರಿಗೆ ಅದು ಕಸುಬಿನ ಭಾಗ. ನಾವು ಇಳಿಯುವ ಹೊತ್ತಿಗೆ ಮಕ್ಕಳು ಎತ್ತರದ ಕ್ರಮದಲ್ಲಿ ನಿಂತು ಇಂಗ್ಲಿಷಿನ ಸ್ವಾಗತಗೀತೆಯನ್ನು ಕೈಸನ್ನೆಯ ಸಮೇತ ಆರಂಭಿಸಿಯೇ ಬಿಟ್ಟಿದ್ದರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ದಾನಿಗಳಿಗೆ ಇಂಗ್ಲಿಷು: ಯಾವ ಭಾಷಾ ನೀತಿಯೂ ಸಾಧಿಸದ್ದನ್ನು ಬಡತನ ಸಾಧಿಸಿತ್ತು. ಹಾಡು ಮುಗಿದ ಮೇಲೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕಣ್ಣು ಮುಚ್ಚಿ, ಅಂದು ಐದು ತುಂಬಿದ ನಮ್ಮ ಬ್ಲಾಕಿನ ಪೋರನನ್ನು 'ಹುಟ್ಟುಹಬ್ಬದ ಅಣ್ಣ' ಎಂದು ಕರೆದು, ಅವನಿಗೂ ಅವನ ತಂದೆಯ ವ್ಯಾಪಾರಕ್ಕೂ ಒಳ್ಳೆಯದಾಗಲೆಂದು ಕರ್ತನಲ್ಲಿ ಪ್ರಾರ್ಥಿಸಿದಳು.

ಉಪಾಧ್ಯಕ್ಷೆ ನನ್ನ ಕಿವಿಯಲ್ಲಿ, 'ಇದು ಮತಾಂತರ ಅಲ್ವಾ?' ಎಂದರು. ಗಣಿಯ ಜನರಲ್ಲಿ ಎಷ್ಟೋ ಮನೆತನಗಳು ಮುತ್ತಜ್ಜನ ಕಾಲದಿಂದ ಚರ್ಚಿಗೆ ಹೋಗುತ್ತಿವೆ, ತಾವು ಸ್ವಲ್ಪ ತಡವಾಗಿ ಬಂದಿರಿ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ, ಮಕ್ಕಳನ್ನು ಕೂರಿಸಿ ಒಂದು ಶ್ಲೋಕ ಹೇಳಿಕೊಟ್ಟರು. ಮಕ್ಕಳು ಅದನ್ನೂ ಅಷ್ಟೇ ಭಕ್ತಿಯಿಂದ ಹೇಳಿದರು. ಊಟಕ್ಕೆ ಮುಂಚೆ ಯಾರು ಏನು ಹೇಳೆಂದರೂ ಅವರು ಹೇಳುತ್ತಾರೆ.

ಆಮೇಲೆ ಕೊಡುವ ಕಾರ್ಯಕ್ರಮ. ಒಂದು ಅಕ್ಕಿ ಮೂಟೆಗೆ ಎಷ್ಟು ಕೈಗಳು ಹಿಡಿಯುತ್ತವೆ ಎಂಬುದನ್ನು ಇಲ್ಲಿಗೆ ಬಂದು ನೋಡಬೇಕು. ಹನ್ನೊಂದು ಮಂದಿ ಹಿಡಿದ ಆ ಮೂಟೆಯನ್ನು ಆಮೇಲೆ ಒಳಗೆ ಹೊತ್ತುಕೊಂಡು ಹೋದದ್ದು ಅಡುಗೆಯ ಮುದುಕಿ ಒಬ್ಬಳೇ. ಮಕ್ಕಳ ಮುಖ ಕಾಣುವಂತೆ ಫೋಟೋ ತೆಗೆದು ಹಂಚಬೇಡಿ ಎಂದು ಸಿಸ್ಟರ್ ಹೇಳಿದರು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ ಇಂಥ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮವರು ಕಾನೂನಿಗೆ ತಲೆಬಾಗುವ ಜನ. ಮಕ್ಕಳ ಮುಖದ ಮೇಲೆ ಹೃದಯದ ಇಮೋಜಿ ಅಂಟಿಸಿ, ತಮ್ಮ ಮುಖಗಳನ್ನು ಹಾಗೆಯೇ ಬಿಟ್ಟು ಸ್ಟೇಟಸ್ ಹಾಕಿದರು. ಖಜಾಂಚಿಗಳು ಕೈ ತೊಳೆಯುವ ಮೊದಲೇ 80ಜಿ ರಸೀದಿ ಕೇಳಿದರು. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆಯಲ್ಲಿ ವಿನಾಯಿತಿ ಇಲ್ಲವೆಂದು ಬಸ್ಸಿನಲ್ಲೇ ಎಲ್ಲರಿಗೂ ಪಾಠವಾಗಿತ್ತು; ಸ್ವರ್ಗಕ್ಕೂ ಯುಪಿಐ ಆದರೆ ಒಳ್ಳೆಯದು, ದಾಖಲೆ ಉಳಿಯುತ್ತದೆ.

ಸಿಸ್ಟರ್ ಒಂದೇ ಒಂದು ಬೇಡಿಕೆ ಇಟ್ಟರು: ಸೆಪ್ಟಿಕ್ ಟ್ಯಾಂಕ್ ತುಂಬಿದೆ. ಸಭೆಯಲ್ಲಿ ಮೌನ. ಅವರ ಊಟದ ಕೋಣೆಯ ಫ್ಯಾನಿನ ಮೂರು ರೆಕ್ಕೆಯ ಮೇಲೂ ಮೂವರು ದಿವಂಗತರ ಹೆಸರಿದೆ. ಟ್ಯೂಬ್‌ಲೈಟಿನ ಮೇಲೆ ದಾನಿಯ ವಿಳಾಸ, ಫೋನ್ ನಂಬರು ಎಲ್ಲ ಬರೆದು ಮಿಕ್ಕ ಜಾಗದಲ್ಲಿ ಬೆಳಕು ಬರುತ್ತದೆ. ಆದರೆ ಸೆಪ್ಟಿಕ್ ಟ್ಯಾಂಕಿನ ಮೇಲೆ 'ನಮ್ಮ ಪೂಜ್ಯ ತಾಯಿಯವರ ಸ್ಮರಣಾರ್ಥ' ಎಂದು ಬರೆಸಲು ಯಾವ ಮಗನಿಗೂ ಧೈರ್ಯ ಬರುವುದಿಲ್ಲ. ಅಡುಗೆಯವಳ ಸಂಬಳ, ಕರೆಂಟ್ ಬಿಲ್ಲು, ರಾತ್ರಿ ಜ್ವರ ಬಂದ ಮಗುವಿನ ಪಕ್ಕ ಕೂರುವ ಆಯಾ, ಇವುಗಳಿಗೆ ಕೂಡ ಸ್ಮರಣೆಯ ಭಾಗ್ಯವಿಲ್ಲ.

ಹಿಂದೆ ಈ ಕಷ್ಟ ಬೇರೆ ರೀತಿಯದಾಗಿತ್ತಂತೆ. ಆಗ ದುಡ್ಡು ಡಾಲರಿನಲ್ಲಿ ಬರುತ್ತಿತ್ತು, ಮಕ್ಕಳು ಹಾಡುವ ಬದಲು ಪತ್ರ ಬರೆಯುತ್ತಿದ್ದರು. ಕಂಡಿಲ್ಲದ ಅಂಕಲ್ ಆಂಟಿಗೆ, ಹಿಮ ಬಿದ್ದಿದೆಯೇ, ನಿಮ್ಮ ನಾಯಿ ಹೇಗಿದೆ ಎಂದು. 2017ರ ಮಾರ್ಚ್‌ನಲ್ಲಿ ಅಮೆರಿಕದ ದೇಣಿಗೆ ಸಂಸ್ಥೆ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಭಾರತದ ಕೆಲಸ ಮುಚ್ಚಿಕೊಂಡು ಹೋಯಿತು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ಬಿಗಿಯಾಗಿ, ಕೆಜಿಎಫ್‌ನ ಮಗುವಿನ ಬೇಳೆಗೆ ಬರುವ ಹೊರದೇಶದ ಕಾಸು ಕೂಡ ಮೊದಲು ದೆಹಲಿಯ ಒಂದೇ ಸ್ಟೇಟ್ ಬ್ಯಾಂಕ್ ಶಾಖೆಗೆ ಹೋಗಿ ಮುಖ ತೋರಿಸಿ ಬರಬೇಕಾಯಿತು. ವಿದೇಶಿಯರ ಹಣದಲ್ಲಿ ದುರುದ್ದೇಶವಿರುತ್ತದೆ ಎಂಬುದು ಸರ್ಕಾರದ ಆತಂಕ. ಸ್ವದೇಶಿಗಳದ್ದು ಹಾಗಲ್ಲ, ನಮಗೆ ಸ್ಟೇಟಸ್ ಸಾಕು.

ಬಡವರ ಮಕ್ಕಳು ಉಣ್ಣುವುದನ್ನು ಉಳ್ಳವರು ನಿಂತು ನೋಡುವ ಸುಖ ನಮ್ಮ ಸಂಘದ ಆವಿಷ್ಕಾರವೇನೂ ಅಲ್ಲ. ಲಂಡನ್ನಿನಲ್ಲಿ ಥಾಮಸ್ ಕೋರಮ್ ಎಂಬ ನಿವೃತ್ತ ಹಡಗು ಕಪ್ತಾನ 1739ರಲ್ಲಿ ರಾಜಾಜ್ಞೆ ಪಡೆದು ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಮಕ್ಕಳ ಆಶ್ರಯ ಸ್ಥಾಪಿಸಿದ. ಬಲು ಒಳ್ಳೆಯ ಮನುಷ್ಯ. ಬೀದಿಯಲ್ಲಿ ಸಾಯುತ್ತಿದ್ದ ಕೂಸುಗಳನ್ನು ನೋಡಲಾಗದೆ ಹದಿನೇಳು ವರ್ಷ ಅಲೆದು ಕಟ್ಟಿದ್ದು ಅದನ್ನು. ಸಂಗೀತಗಾರ ಹ್ಯಾಂಡೆಲ್ ಅಲ್ಲಿ ತನ್ನ 'ಮೆಸ್ಸೈಯಾ' ನುಡಿಸಿ ದುಡ್ಡೆತ್ತಿಕೊಟ್ಟ, ಚಿತ್ರಕಾರ ಹೋಗಾರ್ತ್ ಚಿತ್ರ ಕೊಟ್ಟ. ಜಾಗ ಸಾಲದಾದಾಗ ಯಾವ ಕೂಸನ್ನು ಸೇರಿಸಿಕೊಳ್ಳಬೇಕೆಂದು ಲಾಟರಿ ಎತ್ತುತ್ತಿದ್ದರು. ತಾಯಿ ಚೀಲಕ್ಕೆ ಕೈಹಾಕಬೇಕು; ಬಿಳಿ ಗೋಲಿ ಬಂದರೆ ಮಗು ಒಳಗೆ, ಕರಿ ಗೋಲಿ ಬಂದರೆ ಹೊರಗೆ, ಕೆಂಪು ಬಂದರೆ ಕಾಯಬೇಕು. ನಗರದ ಪ್ರತಿಷ್ಠಿತ ಹೆಂಗಸರು ಒಳ್ಳೆಯ ಗೌನು ತೊಟ್ಟು ಈ ಗೋಲಿ ಎತ್ತುವುದನ್ನು ನೋಡಲು ಬರುತ್ತಿದ್ದರು. ಮುಂದೆ, ಭಾನುವಾರದ ಚರ್ಚು ಮುಗಿಸಿ ಮಕ್ಕಳ ಊಟ ನೋಡುವುದು ಶಿಷ್ಟರ ಹವ್ಯಾಸವಾಯಿತು. ಆದರೆ ಕೂಸನ್ನು ಆ ಚೀಲದ ಮುಂದೆ ತಂದವಳು ತಾಯಿ. ಬದುಕಿದ್ದ ತಾಯಿ. ಎಂದಾದರೂ ವಾಪಸ್ ಬಂದರೆ ಗುರುತಿಗಿರಲಿ ಎಂದು ಕೂಸಿನ ಜೊತೆ ಬಟ್ಟೆಯ ತುಂಡನ್ನೋ ಅರ್ಧ ನಾಣ್ಯವನ್ನೋ ಬಿಟ್ಟುಹೋದವಳು. ಆ ಚೂರುಗಳು ಲಂಡನ್ನಿನಲ್ಲಿ ಇಂದಿಗೂ ಇವೆ. ವಾಪಸ್ ಬರಲಾದ ತಾಯಂದಿರು ಬಹಳ ಕಡಿಮೆ.

ನಾವು ಹೋದದ್ದು ತಿಂಗಳ ಎರಡನೇ ಭಾನುವಾರ. ಬೇರೆ ಭಾನುವಾರ ಬನ್ನಿ ಎಂದು ಸಿಸ್ಟರ್ ಎರಡು ಬಾರಿ ಹೇಳಿದ್ದರು, ಆದರೆ ಬಸ್ಸು ಸಿಕ್ಕಿದ್ದು ಅಂದೇ. ಬಿರಿಯಾನಿ ಬಡಿಸುವ ಹೊತ್ತಿಗೆ ಗೇಟಿನಲ್ಲಿ ಒಬ್ಬೊಬ್ಬರೇ ಹೆಂಗಸರು ಒಳಗೆ ಬರತೊಡಗಿದರು. ಕೈಯಲ್ಲಿ ಬಾಳೆಹಣ್ಣು, ಬನ್ನು, ಪ್ಲಾಸ್ಟಿಕ್ ಕವರಿನಲ್ಲಿ ತಲೆಗೆ ಹಚ್ಚುವ ಎಣ್ಣೆ. ಸಾಲಿನಲ್ಲಿ ಕೂತ ಮಕ್ಕಳು ಎಲೆ ಬಿಟ್ಟು ಎದ್ದು ಓಡಿದರು. ಹುಟ್ಟುಹಬ್ಬದ ಅಣ್ಣ ಕೈಯಲ್ಲಿ ಚಾಕು ಹಿಡಿದು ಒಬ್ಬನೇ ನಿಂತ.

'ಯಾರು ಇವರೆಲ್ಲ?' ಅಧ್ಯಕ್ಷರು ಕೇಳಿದರು.

'ತಾಯಂದಿರು' ಎಂದರು ಸಿಸ್ಟರ್.

'ಯಾರ ತಾಯಂದಿರು?'

'ಇವರದೇ.'

ಆ ಕ್ಷಣ ನಮ್ಮ ನಿಯೋಗದ ಮುಖ ನೋಡಬೇಕಿತ್ತು. ಧನತ್ರಯೋದಶಿಗೆ ಕೊಂಡ ಬಳೆಯನ್ನು ಒರೆಗೆ ಹಚ್ಚಿದಾಗ ಹಿತ್ತಾಳೆ ಎಂದು ತಿಳಿದವರ ಮುಖ. ಖಜಾಂಚಿಗಳು ಮೊದಲು ಚೇತರಿಸಿಕೊಂಡು ಶುದ್ಧತೆಯ ವಿಚಾರಣೆ ನಡೆಸಿದರು. ಚಿನ್ನದ ಊರಲ್ಲವೇ, ಅಲ್ಲೇ ಒಂದು ಅಳತೆ ಸಿದ್ಧವಾಯಿತು. ಅಪ್ಪ ಅಮ್ಮ ಇಬ್ಬರೂ ಸತ್ತಿದ್ದರೆ 24 ಕ್ಯಾರೆಟ್. ಅಪ್ಪ ಸತ್ತು ಅಮ್ಮ ಇದ್ದರೆ 22, ಒಡವೆಗೆ ನಡೆಯುತ್ತದೆ. ಅಪ್ಪ ಕುಡಿದು ಎಲ್ಲೋ ಇದ್ದಾನೆ, ಅಮ್ಮ ದುಡಿಯಲು ಹೋಗಿದ್ದಾಳೆ ಎಂದರೆ ಅದು 14, ಗಿರವಿಗೂ ಇಟ್ಟುಕೊಳ್ಳುವವರಿಲ್ಲ. ಇಡೀ ಮನೆಯಲ್ಲಿ 24 ಕ್ಯಾರೆಟ್ಟಿನ ಮಕ್ಕಳು ಬೆರಳೆಣಿಕೆಯಷ್ಟು. 'ಫ್ಲೆಕ್ಸ್‌ನಲ್ಲಿ ಅನಾಥರು ಅಂತ ಹಾಕ್ಸಿಬಿಟ್ಟಿದ್ದೀವಲ್ರೀ' ಎಂದು ಅಧ್ಯಕ್ಷರು ನಿಜವಾದ ನೋವಿನಿಂದ ಹೇಳಿದರು. ಮಕ್ಕಳಿಗೆ ತಾಯಿ ಬದುಕಿದ್ದಾಳೆಂಬ ಸುದ್ದಿಗೆ ಅಷ್ಟು ದುಃಖಪಟ್ಟ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ.

ಅವರಿಗೆ ಯಾರೂ ಮೋಸ ಮಾಡಿರಲಿಲ್ಲ. ಸಿಸ್ಟರ್ ತಮ್ಮ ಬೋರ್ಡಿನಲ್ಲಿ 'ಮಕ್ಕಳ ಮನೆ' ಎಂದಷ್ಟೇ ಬರೆಸಿದ್ದರು. ಅನಾಥರನ್ನು ಬಸ್ಸಿನಲ್ಲಿ ತಂದವರು ನಾವು. ಲೋಕದ ಲೆಕ್ಕವೂ ಇದೇ. ಒಬ್ಬ ಪೋಷಕರನ್ನು ಕಳೆದುಕೊಂಡವರನ್ನೂ ಸೇರಿಸಿ ಯುನಿಸೆಫ್ 2015ರಲ್ಲಿ ಎಣಿಸಿದ ಅನಾಥರು ಸುಮಾರು 14 ಕೋಟಿ. ಅದರಲ್ಲಿ ಇಬ್ಬರನ್ನೂ ಕಳೆದುಕೊಂಡವರು ಒಂದೂವರೆ ಕೋಟಿಯಷ್ಟು. ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಅನಾಥಾಲಯಗಳ ಸಂಖ್ಯೆ ಶೇಕಡಾ 75ರಷ್ಟು ಏರಿತು. ಆಗ ಅಲ್ಲಿ ಯುದ್ಧವೂ ಇಲ್ಲ, ನರಮೇಧದ ಪೋಲ್ ಪಾಟ್ ಕೂಡ ಇಲ್ಲ. ಇದ್ದವರು ಅಂಗ್ಕೋರ್ ದೇಗುಲ ನೋಡಿದ ಮೇಲೆ ಮಧ್ಯಾಹ್ನ ಬಿಡುವಿದ್ದ ಪ್ರವಾಸಿಗರು. ಆ ಮನೆಗಳ ನಾಲ್ಕು ಮಕ್ಕಳಲ್ಲಿ ಮೂವರಿಗೆ ಅಪ್ಪನೋ ಅಮ್ಮನೋ ಇದ್ದರು. ಕೊನೆಗೆ ಅಲ್ಲಿಯ ಸೇವಾ ಸಂಸ್ಥೆಗಳೇ, ಮಕ್ಕಳು ಪ್ರೇಕ್ಷಣೀಯ ಸ್ಥಳಗಳಲ್ಲ ಎಂದು ಪ್ರಚಾರ ಮಾಡಬೇಕಾಯಿತು. ಬೇಡಿಕೆ ಇದ್ದರೆ ಸರಬರಾಜು ಆಗುತ್ತದೆ ಎಂಬ ಪಾಠ ನಮ್ಮ ಅಧ್ಯಕ್ಷರಿಗೆ ಹೊಸದಲ್ಲ, ಅವರದು ಸಿಮೆಂಟ್ ವ್ಯಾಪಾರ.

ಉಪಾಧ್ಯಕ್ಷೆಗೆ ಮಾತ್ರ ಕರುಳು ಚುರುಕ್ ಎಂದಿತ್ತು. ಬೇವಿನ ಮರದ ಕೆಳಗೆ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದ ಒಬ್ಬಳ ಬಳಿ ಹೋಗಿ, 'ಇದ್ದೂ ಇದ್ದೂ ಇಲ್ಲಿ ತಂದು ಬಿಟ್ಟಿದ್ದೀಯಲ್ಲಮ್ಮ, ಮನಸ್ಸು ಹೆಂಗೆ ಬಂತು ನಿಂಗೆ?' ಎಂದರು.

ಅವಳು ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. 'ವೈಟ್‌ಫೀಲ್ಡ್‌ನಲ್ಲಿ ಮನೇಲೇ ಇದ್ದು ಮಾಡೋ ಕೆಲಸ ಮೇಡಂ. ಮಗೂನ ಕರ್ಕೊಂಡು ಬರಂಗಿಲ್ಲ ಅಂದವ್ರೆ. ಅಲ್ಲೊಂದು ಮಗು ಐತೆ, ಅದನ್ನ ನೋಡ್ಕೋಬೇಕು.'

ಆ ವಾರ ನಮ್ಮ ಗುಂಪಿನಲ್ಲಿ ಪ್ರವಾಸದ ವಿವರಕ್ಕೆ ಸ್ವಲ್ಪ ಮೇಲೆ ಇನ್ನೊಂದು ಸಂದೇಶವಿತ್ತು. ಸಿ ಬ್ಲಾಕಿನವರದ್ದು: '24 ಗಂಟೆ ಮನೆಯಲ್ಲೇ ಇರುವ ಹೆಂಗಸು ತುರ್ತಾಗಿ ಬೇಕು. ಮಗು ನೋಡಿಕೊಳ್ಳಬೇಕು. ತಿಂಗಳಿಗೆ ಒಂದು ರಜೆ. ಸ್ವಂತ ಮಕ್ಕಳ ರಗಳೆ ಇರಬಾರದು.' ಆರು ಜನ ಹೆಬ್ಬೆರಳು ಒತ್ತಿದ್ದರು. ಅವಳು ನಮ್ಮ ಮಗುವನ್ನು ಆಡಿಸುತ್ತಾಳೆ. ಅವಳ ಮಗುವನ್ನು ಸಿಸ್ಟರ್ ನೋಡಿಕೊಳ್ಳುತ್ತಾರೆ. ನಮ್ಮ ಮಗುವಿಗೆ ಐದು ತುಂಬಿದಾಗ ನಾವು ಕೇಕ್ ಹಿಡಿದು ಅವಳ ಮಗುವನ್ನು ನೋಡಿ ಅಳಲು ಬರುತ್ತೇವೆ. ಅನಾಥರನ್ನು ತಯಾರಿಸುವವರೇ ಸಾಕುವವರೂ ಆಗಿರುವಾಗ ಈ ವ್ಯವಸ್ಥೆಯಲ್ಲಿ ಮಧ್ಯವರ್ತಿಗಳ ಕಾಟವೂ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬರು ಕಣ್ಣು ಒರೆಸಿಕೊಳ್ಳುತ್ತಾ, 'ಒಂದು ಪುಟ್ಟ ಮಗು ನನ್ನ ಸೆರಗು ಬಿಡ್ತಾನೇ ಇರ್ಲಿಲ್ಲ, ಒಂದೇ ಗಂಟೇಲಿ ಎಷ್ಟು ಹಚ್ಕೊಂಡ್ಬಿಡ್ತು' ಎಂದರು. ಎಲ್ಲರೂ ಅಯ್ಯೋ ಅಂದರು. ರೊಮೇನಿಯಾದ ಅನಾಥಾಲಯಗಳ ಮಕ್ಕಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು ಹೇಳುವ ಪ್ರಕಾರ, ಗುರುತಿಲ್ಲದ ಯಾರು ಬಂದರೂ ತೆಕ್ಕೆಗೆ ಬೀಳುವ ಮಗು ನಮ್ಮನ್ನು ಮೆಚ್ಚಿಕೊಂಡಿರುವುದಿಲ್ಲ. ತನ್ನವರೆಂದು ನಿಂತು ನೋಡಿಕೊಳ್ಳುವ ಒಬ್ಬರು ಸಿಗದ ಮಗು ಹಾಗೆ ಆಗುತ್ತದೆ. ಬಂಗಾರಪೇಟೆ ಹತ್ತಿರವಾಗುತ್ತಿತ್ತು, ಪಾನಿಪುರಿಯ ಆಸೆಯಲ್ಲಿದ್ದವರಿಗೆ ಇದನ್ನು ಹೇಳುವುದು ಬೇಡವೆನಿಸಿತು. ಅಲ್ಲಿಯ ಪಾನಿ ಕಣ್ಣಿಗೆ ಬರೀ ನೀರು, ನಾಲಗೆಗೆ ಖಾರ. ಅವರಿಗೆ ಅತ್ತು ಮುಗಿಸಲು ಒಳ್ಳೆಯ ಅನುಕೂಲವಾಯಿತು.

ಮುಂದಿನ ತಿಂಗಳ ಸಂಘದ ಸಭೆಗೆ ಸಿಸ್ಟರ್ ಒಂದು ಪತ್ರ ಕಳಿಸಿದ್ದರು. ಕೈಬರಹ, ಒಂದೇ ಪುಟ. ಒಕ್ಕಣೆ ಇಷ್ಟು: ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯೆಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಸರ್ಕಾರದ ಮಿಷನ್ ವಾತ್ಸಲ್ಯದಲ್ಲಿ, ಮಗು ಮನೆಯಲ್ಲೇ ಉಳಿಯಲೆಂದು ಅರ್ಹ ಬಡ ಕುಟುಂಬಕ್ಕೆ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ನಮ್ಮ ಕೆಲವು ತಾಯಂದಿರ ಅರ್ಜಿ ಹಾಕಿದ್ದೇನೆ, ಬರುವಾಗ ಬರುತ್ತದೆ. ಅಲ್ಲಿಯವರೆಗೆ ತಾವು ಅಷ್ಟೇ ಹಣವನ್ನು ಕೆಲವು ತಾಯಂದಿರಿಗೆ ಕೊಟ್ಟರೆ ಅವರು ಮನೆಗೆಲಸ ಬಿಟ್ಟು ಊರಿನಲ್ಲೇ ಹೊಲಿಗೆಯೋ ಇನ್ನೊಂದೋ ಹುಡುಕಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಒಂದು ಮಗುವಿಗೆ ವರ್ಷಕ್ಕೆ 48,000. ತಮ್ಮ ಬಸ್ಸು, ಬಿರಿಯಾನಿ, ಬ್ಯಾನರಿನ ಖರ್ಚು ಸುಮಾರು ಅಷ್ಟೇ ಆಗಿರಬಹುದೆಂದು ನನ್ನ ಊಹೆ. ಸೆಪ್ಟಿಕ್ ಟ್ಯಾಂಕ್ ವಿಚಾರ ಹಾಗೇ ಇದೆ.

ಖಜಾಂಚಿಗಳು ಲೆಕ್ಕ ತಾಳೆ ನೋಡಿದರು. ಸಿಸ್ಟರ್ ಊಹೆ ಸರಿಯಾಗಿತ್ತು, ಕೇಕ್ ಸೇರಿಸಿದರೆ ಇನ್ನೂ ಸ್ವಲ್ಪ ಮೇಲೆ. ಸಿ ಬ್ಲಾಕಿನವರು, ಕೆಲಸದವರಿಗೆ ಹೀಗೆ ಅಭ್ಯಾಸ ಮಾಡಿಸಿದರೆ ಬೆಂಗಳೂರಿನಲ್ಲಿ ಮನೆ ನಡೆಸುವುದು ಹೇಗೆ ಎಂದು ಆಕ್ಷೇಪಿಸಿದರು. ಯಾರೋ ವೃದ್ಧಾಶ್ರಮದ ಹೆಸರೆತ್ತಿದರು. ಅಲ್ಲಿಯವರಿಗೆ ಮಕ್ಕಳು ಅಮೆರಿಕದಲ್ಲಿದ್ದಾರೆ, ಅವರೂ ಪೂರ್ತಿ ಶುದ್ಧವಲ್ಲ ಎಂದು ಆ ಸಲಹೆ ಬಿದ್ದುಹೋಯಿತು. ಕೊನೆಗೆ ಅಧ್ಯಕ್ಷರು ಸ್ಪೀಕರ್ ಫೋನಿನಲ್ಲಿ ಸಿಸ್ಟರಿಗೆ ಕರೆ ಮಾಡಿ, ಪತ್ರ ಬಹಳ ಮನಮುಟ್ಟುವಂತಿದೆ ಎಂದು ಹೊಗಳಿ, ಒಂದು ಪ್ರಾಮಾಣಿಕ ಅನುಮಾನವನ್ನು ಮುಂದಿಟ್ಟರು.

'ಅಲ್ಲ ಸಿಸ್ಟರ್, ಮಕ್ಕಳೆಲ್ಲ ಮನೆಗೆ ಹೋಗ್ಬಿಟ್ರೆ ಡಿಸೆಂಬರ್‌ಗೆ ನಾವೆಲ್ಲಿಗೆ ಹೋಗೋದು?'